ಕಟ್ಟಿಗೆ ತುಂಡು ತೆಗೆದಿಟ್ಟ ಬೇಸಿಗೆ

ಡೈಪರ್ ಅಂದರೆ ಕೂಸುಗಳಿಗೆ ಮಾತ್ರ ಎಂದು ತಿಳಿದಿದ್ದೆ. ಪಟಾನ್‌ಚೆರುವಿನ ಫ್ಯಾಕ್ಟರಿಗೆ ಸೇರಿದ ಮೇಲೆಯೇ ಹಾಸಿಗೆ ಹಿಡಿದ ದೊಡ್ಡವರಿಗೂ ಅದನ್ನು ಕಟ್ಟುತ್ತಾರೆಂದು ಗೊತ್ತಾದದ್ದು. ನನ್ನ ಕೆಲಸ ಕೊನೆಯ ಮೇಜಿನದು. ಹತ್ತು ಡೈಪರ್ ಒಂದರ ಮೇಲೊಂದು ಪೇರಿಸಿ, ಪ್ರೆಸ್ಸಿನ ಕೆಳಗೆ ತಳ್ಳಿ, ಕಾಲಿನಿಂದ ಪೆಡಲ್ ಒತ್ತಬೇಕು. ಮೇಲಿನ ತಗಡು ಇಳಿದು ಮೊಳದುದ್ದದ ಗಂಟನ್ನು ಗೇಣಿಗೆ ತರುತ್ತದೆ. ಅದು ಉಬ್ಬುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ನುಗ್ಗಿಸಿ ಬಾಯಿ ಅಂಟಿಸಬೇಕು. ಗಾಳಿ ಹೋದರೆ ಲಾರಿಯಲ್ಲಿ ಹೆಚ್ಚು ಮಾಲು ಹಿಡಿಯುತ್ತದೆ, ಇಷ್ಟೇ ವಿದ್ಯೆ. ನಾಲ್ಕನೇ ಇಯತ್ತೆ ಓದಿದವಳಿಗೆ ಸಾಕು.

ಒತ್ತುವುದಕ್ಕೂ ಒಂದು ಮಿತಿ ಇತ್ತು. ತಗಡಿನ ಅಡಿಗೆ ಒಂದು ಕಟ್ಟಿಗೆ ತುಂಡು ಇಟ್ಟಿದ್ದರು. ತಗಡು ಅದಕ್ಕೆ ತಾಗಿ ನಿಲ್ಲಬೇಕು, ಅದಕ್ಕಿಂತ ಕೆಳಗೆ ಹೋಗಬಾರದು. ನಮ್ಮ ಸೂಪರ್‌ವೈಸರ್ ತೆಲುಗಿನ ಹುಡುಗಿ, ನನ್ನ ಮಗಳಿಗಿಂತ ಸಣ್ಣವಳು. ಹಿಂದೆ ಬಂದು ನಿಂತು “ಮೆಲ್ಲಗಾ ಅಮ್ಮಾ, ಮೆಲ್ಲಗಾ” ಎನ್ನುತ್ತಿದ್ದಳು. ಮೆಲ್ಲಗೆ ಯಾವುದನ್ನೂ ಮಾಡಿದ ಅಭ್ಯಾಸ ನನಗಿಲ್ಲ.

ಆ ಬೇಸಿಗೆಯಲ್ಲಿ ನನ್ನ ಬೆರಳಿನ ಗಿಣ್ಣುಗಳು ಬಾತಿದ್ದವು. ಚೀಲದ ಬಾಯಿಗೆ ಗಂಟು ನುಗ್ಗಿಸುವಾಗ ಜೀವ ಹೋದಂತಾಗುತ್ತಿತ್ತು. ಒಂದು ದಿನ ಆ ಕಟ್ಟಿಗೆ ತುಂಡನ್ನು ತೆಗೆದು ಮೇಜಿನ ಕೆಳಗೆ ಸರಿಸಿದೆ. ತಗಡು ಇನ್ನೆರಡು ಬೆರಳು ಕೆಳಗಿಳಿಯಿತು. ಗಂಟು ಸಣ್ಣದಾಗಿ ಚೀಲದೊಳಗೆ ತಾನೇ ಜಾರಿತು.

“ಏನಕ್ಕಾ, ನಿನ್ನ ಪ್ಯಾಕೆಟ್ ಮನಿ ಕಟ್ಟಾಕ ಹೊಂಟಾವೇನು? ಇಟ್ಟಂಗಿ ಆಗ್ಯಾವಲ್ಲ!” ಎಂದು ಪಕ್ಕದ ಮೇಜಿನವಳು ನಕ್ಕಳು. ನಾನೂ ನಕ್ಕೆ. ಸೂಪರ್‌ವೈಸರ್ ಬರುವ ಸಪ್ಪಳ ಕೇಳಿದರೆ ತುಂಡು ಕಾಣದಂತೆ ಕಾಲಿನಿಂದ ಮೇಜಿನ ಕೆಳಗೆ ಇನ್ನೂ ಒಳಕ್ಕೆ ತಳ್ಳುತ್ತಿದ್ದೆ. ಬೇಸಿಗೆ ಪೂರ್ತಿ ಹೀಗೇ ನಡೆಯಿತು.

ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಎದ್ದಿರಲಿಲ್ಲ. ಬಾಯಿ ವಾರೆಯಾಗಿ ಅಂಟಿದ ಪ್ಯಾಕೆಟ್ಟುಗಳನ್ನು ಫ್ಯಾಕ್ಟರಿಯವರು ಅಂಗಡಿಗೆ ಕಳಿಸುತ್ತಿರಲಿಲ್ಲ, ಕೆಲಸದವರು ಬೇಕಾದರೆ ಒಯ್ಯಬಹುದಿತ್ತು. ನನ್ನ ಮೇಜಿನವನ್ನೇ ನಾನು ಒಯ್ಯುತ್ತಿದ್ದೆ. ಅವೇ ಅತ್ತೆಗೆ.

ಆ ಬೇಸಿಗೆಯಲ್ಲೇ ಹಾಸಿಗೆ ದಿನಾ ಒದ್ದೆಯಾಗತೊಡಗಿತು.

“ಮತ್ತ ತೋಯಿಸೀರೇನ್ರಿ? ಎಷ್ಟ ನೀರ ಕುಡೀತೀರಿ? ನಾ ಏನ್ ಈ ಮನಿ ಅಗಸರಾಕಿ ಅದೀನೇನು?”

“ಗೊತ್ತಾಗಲಿಲ್ಲವ್ವಾ. ಬಿಗಿ ಹಿಡದಿದ್ನಿ.”

“ಇನ್ನಮ್ಯಾಲ ಒಂದ ಲೋಟದಾಗ ದಿನ ತಗೀರಿ.”

ಸುಳ್ಳು ಯಾಕೆ, ಬೈಯುವಾಗ ನನಗೆ ಒಂದಿಷ್ಟು ಸುಖವೂ ಆಗುತ್ತಿತ್ತು. ನಾನು ಹೊಸ ಸೊಸೆಯಾಗಿದ್ದಾಗ ರೊಟ್ಟಿ ದಪ್ಪವಾಯಿತೆಂದು ತಟ್ಟೆ ಸರಿಸಿ ಎದ್ದ ಹೆಂಗಸು ಅವರು. ಈಗ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಲೋಟದ ನೀರಿನಲ್ಲಿ ತುಟಿ ತೋಯಿಸಿ ಕೆಳಗಿಡುತ್ತಿದ್ದರು. ಆದರೂ ಹಾಸಿಗೆ ಒದ್ದೆಯಾಗುತ್ತಿತ್ತು, ಆದರೂ ನಾನು ಬೈಯುತ್ತಿದ್ದೆ.

ಒಂದು ಭಾನುವಾರ ನೋಡಿದರೆ ಅತ್ತೆ ಹೊಸ ಡೈಪರನ್ನು ಎದೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಹಿಚುಕುತ್ತಿದ್ದಾರೆ.

“ಏನ್ ಮಾಡಾಕತ್ತೀರಿ?”

“ಹಿಂಜಾಕತ್ತೀನಿ. ಒಳಗ ಗಂಟ ಆಗೇತಿ ನೋಡು. ಗಾದಿ ಹತ್ತಿ ಗಂಟಾದ್ರ ಹಿಂಜಿ ಹಿಂಜಿ ತುಂಬತಿದ್ವಿ ನಾವು. ಹಿಂಜಿದ್ರ ನೀರ ಚೊಲೋ ಹೀರತೈತಿ. ಹಿಂಗರ ಮಾಡಿದ್ರ ನೀ ಬೈಯೂದು ತಪ್ಪೀತೇನಂತ.”

ರಾಯಚೂರಿನಲ್ಲಿ ವಯಸ್ಸಿದ್ದಾಗ ಹತ್ತಿ ಮಿಲ್ಲಿನಲ್ಲಿ ದುಡಿದ ಕೈ ಅವರದು. ಹಾಳುಮಾಡುತ್ತಾರೆಂದು ನಾನು ಕಸಿದುಕೊಂಡೆ. ಹೆಬ್ಬೆರಳಿಗೆ ತಾಗಿತು. ನಡುವೆ ಬಿರುಕು, ಎರಡೂ ಕಡೆ ಒಣಗಿದ ಹಿಟ್ಟಿನಂಥ ಗಟ್ಟಿ ಉಂಡೆ. ನೀರು ಹಿಡಿದಿಡುವ ಸಕ್ಕರೆಯಂಥ ಹರಳುಗಳು ಅಂಚಿನಿಂದ ಸೀರೆಯ ಮೇಲೆ ಉದುರಿದವು. ಪ್ರೆಸ್ಸಿಗೆ ಹಾಕುವ ಮುಂಚೆ ಅದು ಬ್ರೆಡ್ಡಿನಂತೆ ಮೆತ್ತಗಿರುತ್ತದೆ. ದಿನಾ ಮುಟ್ಟುವ ನನಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.

ಆ ಡೈಪರ್ ಬಿಸಾಕಿ ಬೇರೆಯದನ್ನು ಕಟ್ಟಿದೆ. ಅದೂ ಅಂಥದ್ದೇ.

ಮರುದಿನ ಕಟ್ಟಿಗೆ ತುಂಡನ್ನು ಅದರ ಜಾಗದಲ್ಲಿ ಇಟ್ಟೆ. ಆಮೇಲೆ ಒತ್ತಿದವುಗಳಲ್ಲಿ ಬಾಯಿ ವಾರೆಯಾದ ಒಂದು ಪ್ಯಾಕೆಟ್ ಒಡೆದು ಚಹಾದ ಹೊತ್ತು ಮುಗಿಯುವವರೆಗೆ ಬಿಟ್ಟು ನೋಡಿದೆ. ದೋಸೆ ಹಿಟ್ಟು ಹುದುಗು ಬಂದಂತೆ ಡೈಪರ್ ಮೇಲೆದ್ದಿತ್ತು. ಅದನ್ನು ಮನೆಗೆ ಒಯ್ದೆ. ಮುಂಜಾನೆ ಹಾಸಿಗೆ ಒಣಗಿತ್ತು. ಅದರ ಮರುದಿನವೂ.

ಅತ್ತೆಯ ಖುಷಿ ಹೇಳತೀರದು. ನೋಡಲು ಬಂದ ಪಕ್ಕದ ಮನೆಯವಳ ಮುಂದೆ, “ನೀರ ಬಿಟ್ಟೆ ನೋಡವ್ವಾ, ಹಾಸಿಗಿ ಒಣಗೇ ಐತಿ. ಮನಸ್ಸ ಮಾಡಿದ್ರ ಏನ್ ಆಗಲಾರದು?” ಎಂದರು. ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ. ಅತ್ತೆ ಈಗ ಇದ್ದ ಒಂದು ಲೋಟವನ್ನೂ ಅರ್ಧ ಮಾಡಿದರು. ತುಟಿ ಒಡೆಯಿತು, ಮಾತಾಡಿದರೆ ನಾಲಿಗೆ ಅಂಟುತ್ತಿತ್ತು.

ಎಂಟನೇ ದಿನ ನನ್ನ ಮೊಮ್ಮಗಳು ಮಜ್ಜಿಗೆ ಕುಡಿಸಲು ಹೋದಳು. ಅತ್ತೆ ಲೋಟವನ್ನು ದೂಡಿದರು.

“ಬ್ಯಾಡವ್ವಾ, ನಿಮ್ಮಜ್ಜಿ ಬೈತಾಳ.”

ಹುಡುಗಿ ತಿರುಗಿ ನನ್ನನ್ನು ನೋಡಿದಳು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

“ಅತ್ತೀ, ತಪ್ಪು ನಿಮ್ಮ ನೀರಿಂದಲ್ಲ. ನನ್ನ ಕಾಲಿಂದು. ಮಷಿನ್ಯಾಗ ಜಾಸ್ತಿ ಒತ್ತಿ ಅವನ್ನ ನಾನೇ ಕೆಡಸಿದ್ನಿ. ಈಗ ಹಗೂರ ಒತ್ತಾಕತ್ತೀನಿ, ಅದಕ್ಕ ಒಣಗೇ ಇರತೈತಿ.”

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು.

“ಯಾವಾಗ ಗೊತ್ತಾತು ನಿನಗ?”

“ನೀವು ಹಿಂಜಾಕತ್ತಿದ್ರಲ್ಲ, ಆವತ್ತ.”

“ಹ್ಞೂಂ. ಆ ಮಜ್ಜಿಗಿ ಇಲ್ಲಿ ಕೊಡವಾ,” ಎಂದು ಹುಡುಗಿಯ ಕಡೆ ಕೈ ಚಾಚಿದರು. ನನಗೆ, “ನೀ ಹೋಗಿ ಚಾ ಇಡು. ಲೋಟದಾಗಲ್ಲ, ತಂಬಿಗ್ಯಾಗ ತಗೊಂಬಾ.”

ತಂಬಿಗೆಯಲ್ಲೇ ತಂದೆ. ಪೂರ್ತಿ ಕುಡಿದರು.

ಅಂಗಡಿಗೆ ಹೋದ ನನ್ನ ಇಟ್ಟಂಗಿಗಳ ಸುದ್ದಿಯನ್ನು ಮಾತ್ರ ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತಿತ್ತು. ಯಾವ ಮನೆಯಲ್ಲಿ ಯಾವ ಮುದುಕಿ ಬೈಗುಳ ತಿಂದಳೋ.

ಅದಾದ ಮೇಲೆ ಅತ್ತೆ ಎರಡು ವರ್ಷ ಇದ್ದರು. ನೀರು ಬೇಕಾದಷ್ಟು ಕುಡಿದರು, ನಾನೇ ತಂದು ಕೈಗೆ ಕೊಡುತ್ತಿದ್ದೆ. ಆದರೆ ಲೋಟವನ್ನು ಬಾಯಿಗೆ ಇಡುವ ಮುಂಚೆ ಒಮ್ಮೆ ನನ್ನ ಮುಖ ನೋಡುವುದನ್ನು ಕೊನೆಯವರೆಗೂ ಬಿಡಲಿಲ್ಲ. ನಾನು ಆ ಕಡೆ ತಿರುಗಿ ನಿಲ್ಲುತ್ತಿದ್ದೆ. ಆಮೇಲೆ ಕುಡಿಯುತ್ತಿದ್ದರು.