ಸಾಹೇಬರ ದಾರಿಗೆ ಚೆಲ್ಲಿದ ಪುಡಿ

ಗೆಳೆಯರೇ, ಇವತ್ತು ಔರಾದ್ ತಾಲ್ಲೂಕಿನ ನಮ್ಮೂರ ಹೊಂಡದ ದಂಡೆಯಲ್ಲಿ ಸಭೆ. ಅಲ್ಲಿ ನೀರು ಕುಡಿಯಲು ಬರುವ ಜಿಂಕೆ, ಹಕ್ಕಿಗಳನ್ನು ರಾಸಾಯನಿಕಗಳಿಂದ ಕಾಪಾಡುವ ಕಾನೂನು ತಿಳಿಸಲು ಬೀದರಿನಿಂದ ಅಧಿಕಾರಿಯೊಬ್ಬರು ಬಂದಿದ್ದರು. ಸ್ವಾಗತ ಭಾಷಣ ನನ್ನದು.

ದೊಡ್ಡವರು ಬರುತ್ತಾರೆಂದರೆ ನಮ್ಮ ಪಂಚಾಯಿತಿಯವರು ದಾರಿಯ ಎರಡೂ ಬದಿಗೆ ಬ್ಲೀಚಿಂಗ್ ಪುಡಿ ಚೆಲ್ಲುವುದು ವಾಡಿಕೆ. ಇವತ್ತು ದಾರಿ ಮುಗಿದರೂ ಪುಡಿ ಮುಗಿದಿರಲಿಲ್ಲ. ಉಳಿದ ಚೀಲವನ್ನು ನೀರುಗಂಟಿ ಶಿವರಾಜ ಹೊಂಡಕ್ಕೇ ಸುರಿದಿದ್ದ.

ಅಧಿಕಾರಿ ಮೈಕ್ ಹಿಡಿಯುವ ಹೊತ್ತಿಗೆ ಅವರ ಬೆನ್ನ ಹಿಂದೆ ಮೀನುಗಳು ಸತ್ತು ತೇಲುತ್ತಿದ್ದವು. ಎಲ್ಲರೂ ಅತ್ತಲೇ ನೋಡುವುದನ್ನು ಕಂಡು ಅವರೂ ತಿರುಗಿ ನೋಡಿದರು.

"ಇದು ಯಾರ ಕೆಲಸರಿ?"

"ನಿಮ್ಮ ಸಲುವಾಗೇ ಹಾಕಿಸೀನ್ರಿ ಸಾಹೇಬ್ರ," ಎಂದರು ಪಂಚಾಯಿತಿ ಅಧ್ಯಕ್ಷರು. "ಹೋದ ಸಲ ಬಂದೋರಿಗಿ ಒಂದೇ ಚೀಲ. ನಿಮಗ ಎರಡು."

ಕುರಿ ಕಾಯುವ ಮಲ್ಲಮ್ಮ ತನ್ನ ಹಿಂಡನ್ನು ನೀರಿನಿಂದ ಹಿಂದಕ್ಕೆ ಅಟ್ಟುತ್ತಿದ್ದಳು. "ನನ್ನ ಕುರಿ ನಾ ತಿರುಗಿಸ್ಕೊಂಡು ಹೋಗ್ತೇನಿ. ಸಂಜಿಗಿ ಬರೋ ಜಿಂಕಿಗಿ ಯಾರು ಹೇಳ್ತಾರ್ರಿ?"

ನಾನು ಸ್ವಾಗತ ಭಾಷಣದ ಚೀಟಿ ಮಡಚಿ ಜೇಬಿಗಿಟ್ಟೆ.

ಅಧಿಕಾರಿ ಕೆಂಡವಾದರು. "ಸೋಮವಾರ ನಾನೇ ಬರ್ತೇನಿ. ನೀರು ಪರೀಕ್ಷಾ ಮಾಡಿಸಿ ಕೇಸ್ ಹಾಕ್ತೇನಿ," ಎಂದು ಜೀಪು ಹತ್ತಿದರು.

ಜೀಪು ಕಣ್ಮರೆಯಾಗುವವರೆಗೂ ಕೈಮುಗಿದು ನಿಂತಿದ್ದ ಅಧ್ಯಕ್ಷರು ಶಿವರಾಜನ ಕಡೆ ತಿರುಗಿದರು.

"ಕೇಳಿದಿಲ್ಲೋ? ಸೋಮವಾರ ಸಾಹೇಬ್ರು ಮತ್ತ ಬರ್ತಾರ. ಸಿಟ್ಟಿನಾಗ ಹೋಗ್ಯಾರ. ಈ ಸಲ ನಾಕು ಚೀಲ ತರಸು."

ಈಗ ಜಿಂಕೆಗಳಿಗೆ ಬೇರೊಂದು ಹೊಂಡ ಹುಡುಕುತ್ತಿದ್ದೇನೆ. ಸಾಹೇಬರ ಜೀಪು ಹೋಗದ ಕಡೆ ಎಲ್ಲಾದರೂ ಇದ್ದರೆ ತಿಳಿಸಿ.