ಚಪ್ಪಲಿ ಬಿಟ್ಟು ಕೂರುವವ

ಸಿಂಧನೂರಿನ ಲ್ಯಾಬಿನಲ್ಲಿ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುವ ಸಂಗನಬಸವನಿಗೆ ನಂಬರುಗಳೆಂದರೆ ಆಗದು. "ಮಸ್ಕಿ ಚಿಗವ್ವ, ಒಂಚೂರು ತಡಿ, ಮೊದಲ ಗುರುಗುಂಟಾ ಮಾವಂದು ಆಗ್ಲಿ" ಎಂದು ರೋಗಿಗಳ ಊರು, ನಂಟು ಹಿಡಿದು ಮೇಣದ ಬಿಲ್ಲೆಗಳನ್ನೇ ಮಾತಾಡಿಸುತ್ತಾನೆ. ಪಿಡಿ-ಎಲ್ ಒನ್ ಪರೀಕ್ಷೆ ಎಂದರೇನೆಂದು ಕೇಳಿದವರನ್ನೆಲ್ಲ ಮದುವೆಮನೆಗೆ ಕರೆದೊಯ್ಯುತ್ತಾನೆ: "ಕ್ಯಾನ್ಸರ್ ಅನ್ನಾದು ಬೀಗರ ರುಮಾಲು ಸುತ್ಕೊಂಡು ಪಂಕ್ತ್ಯಾಗ ಕುಂತೈತ್ರೀ. ಮೈಯಾನ ಕಾವಲುಗಾರರು ಬೀಗರಂತ ತಿಳ್ಕೊಂಡು ಹೋಳಿಗಿ ಬಡಸಾಕತ್ತಾರ. ರುಮಾಲಿದ್ರ ಗಾಜಿನ ಮ್ಯಾಲೆ ಕಂದು ಬಣ್ಣ ಕಾಣ್ತೈತಿ. ಕಂಡ್ರ, ಅದನ್ನ ಕಿತ್ತೊಗಿಯೋ ಔಷಧ ನಾಟಬಹುದು." ಕಂದು ಕಂಡ ದಿನ ಲ್ಯಾಬಿಗೆಲ್ಲ ಚಹಾ ತರಿಸುತ್ತಾನೆ; ಡಾಕ್ಟರ ಸಹಿ ಬೀಳುವವರೆಗೆ ಬಾಯಿ ಮಾತ್ರ ಬಿಡುವುದಿಲ್ಲ. ಕೊಯ್ಯಲು ಕೂರುವಾಗ ಚಪ್ಪಲಿ ಹೊರಗೆ ಬಿಡುತ್ತಾನೆ. "ಇದೇನ್ ಗುಡಿ ಏನಪಾ?" ಎಂದು ನಾನೊಮ್ಮೆ ಕೇಳಿದೆ. "ಮೇಣದಾಗ ಒಬ್ರು ಕುಂತಾರಲ್ರೀ, ಅಕ್ಕಾರ" ಎಂದ. ಆ ದಿನ ಅವನ ಕೈಯಲ್ಲಿದ್ದದ್ದು ನನ್ನ ತಂಗಿ ಶಿವಗಂಗಾಳ ಚೂರು. ಅವಳ ಮೂಗಿನ ಹಿಂದೆ ವೈರಸ್ಸಿನ ನಂಟಿನ ಅಪರೂಪದ ಕ್ಯಾನ್ಸರ್ ಬೆಳೆದಿತ್ತು. ಕಂದು ಕಂಡರೆ ಆ ಔಷಧ ಕೊಡುವುದಾಗಿ ಡಾಕ್ಟರು ಹೇಳಿದ್ದರು. ವರದಿ ಕೊಡುತ್ತೇವೆಂದ ದಿನ ಮಧ್ಯಾಹ್ನದವರೆಗೆ ಕಾದು, ಬೇಸತ್ತು, ತುರ್ವಿಹಾಳದ ಬಸ್ಸು ಹತ್ತಿ ಕುಳಿತಿದ್ದೆವು. ಬಸ್ಸು ಹೊರಡುವಷ್ಟರಲ್ಲಿ ಸಂಗನಬಸವ ಅಡ್ಡ ಓಡಿಬಂದು, ಸಹಿಯಾದ ವರದಿಯನ್ನು ಎತ್ತಿ ಹಿಡಿದು, ಕಾದ ಡಾಂಬರಿನ ಮೇಲೆ ಒಂದೊಂದೇ ಕಾಲೆತ್ತುತ್ತ ನಿಂತ. ಶಿವಗಂಗಾ ಕಿಟಕಿಯಿಂದ ಬಗ್ಗಿ ನೋಡಿ, ಎಷ್ಟೋ ದಿನಗಳ ಮೇಲೆ ನಕ್ಕಳು: "ಅಣ್ಣಾರ, ನನ್ನ ರುಮಾಲು ಸಿಕ್ತಂತ ನಿಮ್ಮ ಚಪ್ಪಲಿ ಮರ್ತು ಬಂದೀರಲ್ರೀ."