ನೊಣ ಕುಂತ್ರ ಗೊತ್ತಾಗಬೇಕು

ಸುರಪುರದ ಕಡೆಯ ನಮ್ಮ ಶಾಲೆಯ ಹಿಂದೆಯೇ ಕಾಲುವೆ. ಅದು ಬಂದ ಮೇಲೆ ಊರಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಟ್ರ್ಯಾಕ್ಟರ್ ಬಂದವು, ಎತ್ತು ಹೋದವು. ಇದು ನಾನು ಕಲಿಸುವ ಎರಡನೇ ತರಗತಿಯ ಪಾಠಕ್ಕೆ ಅಡ್ಡ ಬರುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ.

“ಜೀವ ಇರೋದು ಉಣ್ತದ, ಉಸಿರಾಡ್ತದ, ಓಡಾಡ್ತದ,” ಎಂದೆ.

ಭೀಮವ್ವ ಎದ್ದು ನಿಂತಳು. “ಹಂಗಾರ ನಮ್ಮ ಟ್ರ್ಯಾಕ್ಟರಿಗಿ ಜೀವ ಅದರಿ ಟೀಚರ್. ಡೀಸೆಲ್ ಕುಡೀತದ, ಹೊಗಿ ಬಿಡ್ತದ, ಚಳಿ ಇದ್ರ ಮುಂಜಾನಿ ಏಳಂಗಿಲ್ಲ.”

ಇಡೀ ತರಗತಿ ಅವಳ ಕಡೆ ಸೇರಿತು. ಜೀವ ಇರುವುದು ಮರಿ ಹಾಕುತ್ತದೆ ಎಂದೂ ಹೇಳಿ ನೋಡಿದೆ. “ಟ್ರಾಲಿ ಅದರ ಮರಿ ರೀ,” ಎಂದಿತು ಹಿಂದಿನ ಸಾಲು.

ನನಗೂ ಹಟ ಬಂತು. ಊರಲ್ಲಿ ಎತ್ತು ಉಳಿದಿದ್ದು ಶರಣಪ್ಪ ಕಾಕಾನ ಮನೆಯಲ್ಲಿ ಮಾತ್ರ. ಕಾಡಿ ಬೇಡಿ, ಮರುದಿನ ಒಂದನ್ನು ಶಾಲೆಯ ಅಂಗಳಕ್ಕೇ ಹೊಡೆದುಕೊಂಡು ಬಂದೆ.

“ಇದರ ಹೆಸರೂ ಹಾಜರಿಯಾಗ ಹಚ್ಚಲೇನ್ರಿ?” ಎಂದರು ಹೆಡ್‌ಮಾಸ್ತರು. ನಾನು ಮಕ್ಕಳನ್ನು ಅಂಗಳಕ್ಕೆ ಕರೆದೆ.

ಭೀಮವ್ವ ಎತ್ತಿನ ಸುತ್ತ ಅನುಮಾನದಿಂದ ಒಂದು ಸುತ್ತು ಹಾಕಿದಳು. ಅಷ್ಟರಲ್ಲಿ ಅದರ ಪಕ್ಕೆಯ ಮೇಲೆ ನೊಣವೊಂದು ಕುಳಿತಿತು. ಕುಳಿತಷ್ಟೇ ಜಾಗದ ಚರ್ಮ ಪಟ್ಟನೆ ಅದುರಿತು, ನೊಣ ಹಾರಿತು. ಹುಡುಗಿ ಬಾಯಿ ತೆರೆದು ನಿಂತಳು.

“ಟ್ರ್ಯಾಕ್ಟರ್ ಮ್ಯಾಲ ನೊಣ ಕುಂತ್ರ ಅದಕ್ಕ ಗೊತ್ತೇ ಆಗಂಗಿಲ್ರಿ,” ಎಂದಳು ಮೆಲ್ಲಗೆ. “ಇದಕ್ಕ ಗೊತ್ತಾತು.”

ಪುಸ್ತಕದಲ್ಲಿ ಇಲ್ಲದ ಈ ಲಕ್ಷಣವನ್ನು ನಾನು ಬೋರ್ಡಿನ ಮೇಲೆ ಎಲ್ಲಕ್ಕಿಂತ ಮೇಲೆ ಬರೆದೆ.

ಈಗ ಊಟವಾದ ಮೇಲೆ ಹೆಡ್‌ಮಾಸ್ತರು ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಎರಡನೇ ತರಗತಿ ಪೂರಾ ಕಿಟಕಿಗೆ ಜೋತುಬಿದ್ದು, ಅವರ ಮೂಗಿನ ಮೇಲೆ ನೊಣ ಕೂರುವುದನ್ನೇ ಕಾಯುತ್ತದೆ.